ಎರಡು ಬೆರಳಿನ ಲೆಕ್ಕ

ಟ್ಯೂಬು ಬಂದದ್ದು ಮಂಗಳವಾರ.
ಅರ್ಧ ರೊಕ್ಕ ನಂದು, ಅರ್ಧ ಜುಲೇಖಾ ಬಾಗವಾನಳದು.
ಮೈತುಂಬ ಸುನ್ನಿ, ಕಡ್ಡಿ,
ಸುನ್ನಿಯ ತಲಿಮ್ಯಾಲ ಮತ್ತೊಂದು ಕಡ್ಡಿ,
ಯಾರೋ ಸ್ವಿಚ್‌ಬೋರ್ಡಿನ ನಕಾಶೆ ಬರೆದು
ಮನಿ ಕಟ್ಟೂದನ್ನ ಮರೆತಾಂಗ.
ಕೊರಿಯಾದ ಅಕ್ಷರ ಅಂದಳು ಜುಲೇಖಾ.
ನನಗ ಓದಾಕ ಬಂದದ್ದು ಅಂಕಿ ಮಾತ್ರ:
ಐವತ್ತು, ಆಮ್ಯಾಲ ನಾಕು ಪ್ಲಸ್.
ಅಂಕಿ ಓದೂದೇ ನಮ್ಮಿಬ್ಬರ ನೌಕರಿ.

ದಿನಕ್ಕ ನೂರಾ ಅರವತ್ತು ಮೀಟರು,
ನವನಗರದ ಸೆಕ್ಟರು ದಾಟಿ ಸೆಕ್ಟರು.
ಹಳೇ ಊರಾಗ ಬಿಸಿಲು ಒಣಾ ಇತ್ತಂತ,
ಅತ್ತಿ ಹೇಳತಾಳ,
ಬೆವರು ಹುಟ್ಟೂದರಾಗ ಉಪ್ಪಾಗಿ ಉದುರತಿತ್ತು.
ಈಗ ಹಿನ್ನೀರು ಬಂದು ಮಗ್ಗಲಾಗ ಮಲಗೇತಿ.
ಶ್ರಾವಣದ ಹನ್ನೊಂದು ಗಂಟೆಗೆ
ಗಾಳಿ ಅನ್ನೂದು ಒಂದು ಹಸಿ ಅರಿವಿ,
ಹಿಂಡಿದರ ಅರ್ಧ ಕೊಡ ತುಂಬತೇತಿ.

ಹೋದ ವರ್ಷದ್ದು ಬ್ಯಾರೆ ಕ್ರೀಮು,
ಹಚ್ಚಿದರ ಗ್ವಾಡಿಗಿ ಸುಣ್ಣ.
ಹತ್ತನೇ ಮನಿ ಮುಟ್ಟೂದರಾಗ
ಗೆರಿ ಗೆರಿಯಾಗಿ ಇಳಿದು ಕುತ್ತಿಗಿಗಿ ಬಂತು.
ಒಬ್ಬ ಹುಡುಗ ಗೇಟು ಹಿಡಿದು ಒಳಗ ಕೂಗಿದ:
“ಯವ್ವಾ, ನಾಟಕದಾಕಿ ಬಂದಾಳ ನೋಡು,
ಬಣ್ಣಾ ತೊಳಕೊಂಡಿಲ್ಲ!”
ಕಣ್ಣಾಗ ಇಳಿದು ಉರಿ ಎದ್ದು
ಅವತ್ತು ಒಂದು ಎಂಟನ್ನ ಮೂರಂತ ಓದಿದೆ.
ಸಾಹೇಬರು ಅಂದದ್ದನ್ನ ಇಲ್ಲಿ ಬರಿಯಾಂಗಿಲ್ಲ.

ಇದು ಹಂಗಲ್ಲ.
ಅಕ್ಕಿ ತೊಳೆದ ನೀರಿನಷ್ಟು ತೆಳ್ಳಗ.
ಬೆರಳಿಂದ ಗಲ್ಲಕ್ಕ ದಾಟಿತು,
ಆಮ್ಯಾಲ ಎಲ್ಲಿ ಹೋತು ಅಂತ
ಕನ್ನಡಿಯಾಗ ಹುಡುಕಿದೆ.
ಅಪ್ಪ ಕೊಟ್ಟ ಎರಿಹೊಲದ ಬಣ್ಣ, ಹಂಗೇ ಇತ್ತು.
ಎಡಗಲ್ಲದ ಬಂಗೂ ಇತ್ತು,
ಹನ್ನೊಂದು ವರ್ಷದ ಬಾಕಿ,
ಒಂದು ಟ್ಯೂಬಿಗೆ ಹರಿಯೂದಲ್ಲ.

“ಬೆಳ್ಳಗಾಗಾಕೇನು?” ಅಂದಳು ಅತ್ತಿ.
“ಅಲ್ಲ, ಸುಡಬಾರದಂತ.”
ಆಕಿ ಟ್ಯೂಬು ಮೂಸಿದಳು. ವಾಸನಿ ಇಲ್ಲ.
ವಾಸನಿ ಇಲ್ಲದ್ದರ ಮ್ಯಾಲ ಆಕಿಗೆ ನಂಬಿಕಿ ಇಲ್ಲ.
“ಇದರ ಮ್ಯಾಲ ವಿಭೂತಿ ನಿಲ್ಲತೇತೇನು?”

ಇದನ್ನ ಆ ಡಬ್ಬಿ ಮ್ಯಾಲ ಯಾರೂ ಬರೆದಿರಲಿಲ್ಲ.
ಐದು ನಿಮಿಷ ಬಿಟ್ಟು ಮೂರು ಬೆರಳು ಎಳದೆ.
ಸಂಜೀಕ ಬಂದಾಗ ಆಕಿ ನನ್ನ ಮುಖ ನೋಡಲಿಲ್ಲ,
ಹಣಿ ನೋಡಿದಳು.
ಮೂರರಾಗ ಎರಡು ಗೆರಿ ಉಳಿದಿದ್ದವು.
“ಹೂಂ” ಅಂದು ರೊಟ್ಟಿ ತಟ್ಟಾಕ ಕುಂತಳು.

ಡಬ್ಬಿ ಮ್ಯಾಲ ಒಂದು ಚಿತ್ರ ಐತಿ:
ಎರಡು ಬೆರಳಿನುದ್ದಕ ಎರಡು ಗೆರಿ, ಅಷ್ಟು ಹಚ್ಚಬೇಕಂತ,
ಎರಡು ತಾಸಿಗೊಮ್ಮೆ ಮತ್ತ ಹಚ್ಚಬೇಕಂತ.
ಐವತ್ತು ಗ್ರಾಮು. ಇಬ್ಬರು. ಆರು ತಾಸು ಬಿಸಿಲು.
ಕೂಡಿಸಿದೆ, ಭಾಗಿಸಿದೆ, ಮತ್ತ ಕೂಡಿಸಿದೆ,
ಪಗಾರ ಬರೂಮಟ ಬರಾಂಗಿಲ್ಲ.
ಮುಂಜಾನೆ ಒಂದು ಬೆರಳು, ಮುಗೀತು,
ಮಧ್ಯಾಹ್ನಕ್ಕ ಸೆರಗು.

ಸೆಕ್ಟರು ನಲವತ್ತೆರಡು, ಮೂಲಿಮನಿ,
ಮೀಟರಿನ ಗಾಜಿನಾಗ ಬಿಸಿಲು, ಬಿಸಿಲಿನಾಗ ನನ್ನ ಮುಖ.
ಬೆವರು ಬಂತು, ಬರದೇ ಏನು,
ಹಣಿಯಿಂದ ಹುಬ್ಬಿಗಿ, ಹುಬ್ಬಿಂದ ರೆಪ್ಪಿಗಿ,
ಕಣ್ಣಾಗೂ ಇಳೀತು.
ಬರೀ ಉಪ್ಪು. ಉರಿ ಇಲ್ಲ.
ಎಂಟು ಎಂಟೇ ಕಾಣಸ್ತು.
ಮಷಿನು ಕರ್ರ್ ಅಂತ ಚೀಟಿ ಹೊರಗ ಕೊಟ್ಟಿತು:
ಸುನ್ನಿ ರೂಪಾಯಿ.
ಮನಿಯಾಕಿ ನಕ್ಕು ಒಂದು ಗ್ಲಾಸು ನೀರು ಕೊಟ್ಟಳು.

ಕೈ ಮಾತ್ರ ಲೆಕ್ಕದಾಗ ಬಂದಿರಲಿಲ್ಲ.
ಮಷಿನು ಹಿಡಿಯೂ ಈ ಬಲಗೈ
ನನಗಿಂತ ಹತ್ತು ವರ್ಷ ಹಿರೇದು.

ಜುಲೇಖಾ ತನ್ನ ಪಾಲನ್ನ
ಗುಲ್ಕಂದಿನ ಖಾಲಿ ಡಬ್ಬಿಗಿ ಹಿಂಡಿಕೊಂಡಿದ್ದಳು.
“ನನ್ನ ಮುಖಾನ ಸ್ಕಾರ್ಫ್ ಕಾಯತೇತಿ,” ಅಂದಳು,
“ಕಣ್ಣಿನ ಸುತ್ತ, ಮೂಗಿನ ಮ್ಯಾಲ, ಅಷ್ಟ ಸಾಕು.
ತಾ ಇಲ್ಲಿ.”
ಬಸ್ ಸ್ಟಾಪಿನ ನೆರಳಿನಾಗ ನನ್ನ ಕೈ ಹಿಡಿದು
ಮೊಳಕೈತನಕ ತಿಕ್ಕಿದಳು.
ಗುಲಾಬಿ ವಾಸನಿ.

ಮಧ್ಯಾಹ್ನಪೂರ್ತಿ
ಯಾವ ಮೀಟರಿಗೆ ಕೈ ಚಾಚಿದರೂ
ಇರುವಿ.